ಟರ್ಬೊ ಪಕ್ಕದ ಆ ಪುಟ್ಟ ಡಬ್ಬಿಗಾಗಿ ಕೈ ಜೋಡಿಸಿದವರಿಗೆ

ಕಳೆದ ಭಾನುವಾರ ಶಿರಾಡಿ ಘಾಟಿ ಹತ್ತಿ ಬಂದೆವು. ಗುಂಡ್ಯದಿಂದ ಸಕಲೇಶಪುರದವರೆಗೆ ಇಂಜಿನ್ ದೀಪ ಒಂದು ಸಲವೂ ಮಿನುಗಲಿಲ್ಲ. ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊಗೆ ಲಗಾಮು ಹಾಕುವ ಪುಟ್ಟ ಡಬ್ಬಿಯೊಂದು ಕೆಟ್ಟು, ಎರಡೂವರೆ ತಿಂಗಳು ಟಾರ್ಪಾಲು ಹೊದ್ದು ಮಲಗಿದ್ದ ಗಾಡಿ ಇದು. ಹಾಗಾಗಿ ಕೆಲವರಿಗೆ ಥ್ಯಾಂಕ್ಸ್ ಹೇಳಲೇಬೇಕು.

ಮೊದಲನೆಯದು ಹೆಸರೂ ಗೊತ್ತಿಲ್ಲದ ಒಬ್ಬ ಹಾಲಿನ ವ್ಯಾನ್ ಡ್ರೈವರಿಗೆ. ಜುಲೈ ಮಳೆ, ಕತ್ತಲು. ಅಮ್ಮನನ್ನು ಕರೆದುಕೊಂಡು ಕುಕ್ಕೆಯಿಂದ ಹಾಸನಕ್ಕೆ ಬರುತ್ತಿದ್ದೆ. ಲಾರಿಯೊಂದನ್ನು ದಾಟಲು ಆಕ್ಸಿಲರೇಟರ್ ಒತ್ತಿದೆ. ಗಾಡಿ ಹುಚ್ಚು ಹಿಡಿದ ಹಾಗೆ ನುಗ್ಗಿತು, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಮೀಟರಿನ ಮುಳ್ಳು 1.4 ಬಾರ್ ಮುಟ್ಟಿತು, ಮರುಕ್ಷಣವೇ ದೀಪ ಹೊತ್ತಿಕೊಂಡು ಇಂಜಿನ್ ಸೋತುಹೋಯಿತು. ಆಮೇಲೆ ಎಷ್ಟು ಒತ್ತಿದರೂ ಎರಡನೇ ಗೇರಿನ ನಡಿಗೆ ಅಷ್ಟೇ. ಆ ಪುಣ್ಯಾತ್ಮ ತನ್ನ ಇಂಡಿಕೇಟರ್ ಹಾಕಿಕೊಂಡು ಮಾರನಹಳ್ಳಿವರೆಗೂ ನಮ್ಮ ಬೆನ್ನಿಗೇ ಬಂದ. ಹಿಂದಿನ ಲಾರಿಗಳಿಗೆಲ್ಲ ಅವನೇ ಅಡ್ಡಗೋಡೆ.

ಎರಡನೆಯದು ನಮ್ಮೂರ ಗ್ಯಾರೇಜಿನ ಮೇಸ್ತ್ರಿಗೆ. ಅವರ ಬಳಿ ಹೋಗುವ ಮೊದಲು ಇನ್ನೊಂದು ಕಡೆ ಸ್ಕ್ಯಾನ್ ಮಾಡಿಸಿದ್ದೆ. ಪಿ0234 ಕೋಡ್, ಅಂದರೆ ಬೂಸ್ಟ್ ಜಾಸ್ತಿ. 'ಟರ್ಬೊ ಪೂರ್ತಿ ಬದಲಿಸಿ' ಎಂದು ಚೀಟಿ ಬರೆದುಕೊಟ್ಟರು. ಮೊತ್ತ ನೋಡಿ ಗಾಡಿ ಮಾರುವುದೇ ವಾಸಿ ಅನಿಸಿತ್ತು.

ಮೇಸ್ತ್ರಿ ಕಂಪ್ಯೂಟರ್ ಮುಟ್ಟಲಿಲ್ಲ. ವೇಸ್ಟ್‌ಗೇಟ್ ಆಕ್ಚುಯೇಟರ್, ಅಂದರೆ ಟರ್ಬೊದ ಪುಟ್ಟ ಬಾಗಿಲು ತೆರೆಯುವ ಡಬ್ಬಿ, ಅದರ ಪೈಪ್ ಕಿತ್ತು, ಮೀಟರ್ ಇರುವ ಕೈಪಂಪ್ ಸಿಕ್ಕಿಸಿ ಗಾಳಿ ಒತ್ತಿದರು. ಒಳಗಿನ ರಬ್ಬರ್ ಪೊರೆ ಉಬ್ಬಬೇಕು, ಕಂಬಿ ಮುಂದಕ್ಕೆ ಬರಬೇಕು, ಪುಟ್ಟ ಬಾಗಿಲು ತೆರೆದು ಹೊಗೆ ಟರ್ಬೊ ಚಕ್ರವನ್ನು ಬಿಟ್ಟು ಪಕ್ಕದಿಂದ ಹೋಗಬೇಕು. ಕಂಬಿ ಅಲುಗಲೇ ಇಲ್ಲ. ಸೋಪು ನೀರು ಹಚ್ಚಿದರೆ ಕಂಬಿಯ ಬುಡದಲ್ಲಿ ಗುಳ್ಳೆಯೋ ಗುಳ್ಳೆ. ಪೊರೆ ಹರಿದಿತ್ತು. ಬಾಗಿಲು ತೆರೆಯದೆ ಬೂಸ್ಟ್ ಏರುತ್ತಲೇ ಹೋಗಿ, ಇಂಜಿನ್ ಶಕ್ತಿ ತಗ್ಗಿಸಿ ತನ್ನನ್ನು ತಾನೇ ಕಾಪಾಡಿಕೊಂಡಿತ್ತು.

"ಇಲ್ಲೊಂದು ತಗಡು ಇರುತ್ತಲ್ಲಪ್ಪಾ, ಎಲ್ಲಿ?" ಎಂದು ಕೇಳಿದರು.

ನನ್ನ ಬಾಯಿ ಕಟ್ಟಿತು. ಹೋದ ವರ್ಷ ಟರ್ಬೊದಿಂದ ಹೊಗೆ ಸಾಗಿಸುವ ದೊಡ್ಡ ಡೌನ್‌ಪೈಪ್ ಹಾಕುವಾಗ ಬಿಸಿ ತಡೆಯುವ ಆ ತಗಡು, ಹೀಟ್ ಶೀಲ್ಡ್, ತಾಗುತ್ತಿದೆ ಅಂತ ಬಿಚ್ಚಿಟ್ಟವನು ನಾನೇ. ಸುಮ್ನೆ ಒಂದು ತಗಡು, ಅಲ್ವಾ? ಒಂದು ವರ್ಷ ಕೆಂಡದಂಥ ಪೈಪಿನ ಪಕ್ಕದಲ್ಲಿ ಆ ರಬ್ಬರ್ ಹಪ್ಪಳದ ಹಾಗೆ ಬೆಂದಿದೆ. ಬೈದರು. ಗಿರಾಕಿ ಅಂತ ನೋಡದೆ ಬೈದರು. ಅದಕ್ಕೂ ಥ್ಯಾಂಕ್ಸ್.

ಪೊರೆ ಒಂದನ್ನೇ ಬದಲಿಸಲು ಬರುವುದಿಲ್ಲ, ಡಬ್ಬಿಯ ಅಂಚನ್ನು ಮಡಚಿ ಒತ್ತಿರುತ್ತಾರೆ. ಇಡೀ ಡಬ್ಬಿಯೇ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದೆ, ಸಿಗಲಿಲ್ಲ. ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ ನನ್ನ ಭಾವಮೈದುನ ಹುಡುಕಿ ತೆಗೆದ. ಗಾಳಿ ಒತ್ತಿ ನೋಡಿದರೆ ಚೆನ್ನಾಗಿದೆ, ಆದರೆ ಅದನ್ನು ಹಿಡಿದಿಡುವ ಬ್ರಾಕೆಟ್ ಸೊಟ್ಟ. ಹೊಸ ಬ್ರಾಕೆಟ್ ಮಾಡಿಕೊಟ್ಟ ಲೇತ್ ಅಂಗಡಿಯವರಿಗೆ ಮೂರನೇ ಥ್ಯಾಂಕ್ಸ್. ಮೂರು ಸಲ ತಿದ್ದಿದರು, ಒಂದೇ ಸಲದ ದುಡ್ಡು ತಗೊಂಡರು.

ಕಂಬಿ ಹೊಂದಿಸುವುದೇ ನಾಜೂಕು. ಬಾಗಿಲು ಮುಚ್ಚಿದಾಗ ಕಂಬಿಯ ತೂತು ಬಾಗಿಲಿನ ಪಿನ್ನಿಗೆ ಸುಮಾರು 2 ಮಿಲಿಮೀಟರ್ ಮೊದಲೇ ನಿಲ್ಲುವಂತೆ ಮೇಸ್ತ್ರಿ ಇಟ್ಟರು. ಎಳೆದು ಸಿಕ್ಕಿಸಿದರೆ ಸ್ಪ್ರಿಂಗ್ ಬಾಗಿಲನ್ನು ಬಿಗಿಯಾಗಿ ಹಿಡಿಯುತ್ತದೆ. ಇನ್ನೆರಡು ಸುತ್ತು ಬಿಗಿ ಮಾಡಿದರೆ ಪವರ್ ಬರುತ್ತಲ್ಲ ಎಂದೆ. ಸ್ಪ್ಯಾನರ್ ಕಸಿದುಕೊಂಡರು. ಕೈಪಂಪಿನಲ್ಲಿ 0.4 ಬಾರ್ ಒತ್ತಡಕ್ಕೆ ಕಂಬಿ ಅಲುಗಿದ್ದು ನೋಡಿದ ಮೇಲೇ ಲಾಕ್ ನಟ್ ಬಿಗಿದದ್ದು. ಹೊಸ ತಗಡನ್ನೂ ಕತ್ತರಿಸಿ, ಪೈಪಿಗೆ ತಾಗದ ಹಾಗೆ ಬಗ್ಗಿಸಿ ಕೂರಿಸಿದರು.

ಮರೆಯಬಾರದ ಇನ್ನೊಬ್ಬ ಮೇಸ್ತ್ರಿಯ ಗ್ಯಾರೇಜಿನ ಹುಡುಗ. ಉಗುರಿನಷ್ಟು ಚಿಕ್ಕ ಲಾಕ್ ಕ್ಲಿಪ್ ಎರಡು ಸಲ ಇಂಜಿನ್ ಸಂದಿಗೆ ಬಿತ್ತು. ಎರಡು ಸಲವೂ ಮ್ಯಾಗ್ನೆಟ್ ಇಳಿಸಿ ಎತ್ತಿಕೊಟ್ಟ. ಇನಾಮು ಕೊಡಲು ಹೋದರೆ ಬೇಡ, ಆ ಹಳೇ ಡಬ್ಬಿ ಕೊಡಿ ಅಣ್ಣಾ ಎಂದ. ಮೊನ್ನೆ ಫೋನಿಗೆ ಫೋಟೊ ಕಳಿಸಿದ್ದಾನೆ. ಡಬ್ಬಿಯನ್ನು ಗರಗಸದಲ್ಲಿ ಎರಡು ಹೋಳು ಮಾಡಿ, ಪೊರೆಯ ಮಡಿಕೆಯಲ್ಲಿದ್ದ ಬಿರುಕಿಗೆ ಬಳಪದಲ್ಲಿ ಗೆರೆ ಹಾಕಿ ಗೋಡೆಗೆ ನೇತುಹಾಕಿದ್ದಾನೆ.