ಕರಗಿತು ಅಂತಲೇ ಬರಿ

ಪ್ರೀತಿಯ ಮಗಳೇ,

ಕತೆ ಓದಿದೆ. ಪತ್ರಿಕೆಯವರು ವಾಪಸ್ ಕಳಿಸಿದರು, ಇನ್ನು ಬರೆಯುವುದಿಲ್ಲ ಅಂದಿದ್ದೀಯ. ಎಲ್ಲಿಗೆ ಕಳಿಸಬೇಕು, ಎಷ್ಟು ಪುಟ ಇರಬೇಕು ಅನ್ನುವುದನ್ನೆಲ್ಲ ಬೇರೆ ಯಾರಾದರೂ ಹೇಳುತ್ತಾರೆ ಬಿಡು. ನನ್ನ ತಕರಾರು ಒಂದೇ.

ನಿನ್ನ ಕತೆಯಲ್ಲಿ, ಮುಂಬೈ ಪಕ್ಕದ ಡೊಂಬಿವಲಿಯ ಆ ಅಡುಗೆಮನೆಯಲ್ಲಿ ಅಮ್ಮ ಬೆಣ್ಣೆ ಕಾಯಿಸುತ್ತಾಳೆ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ, ನಡುವಿನ ಮುದ್ದೆ ಮೆಲ್ಲಗೆ ಜಾರುತ್ತದೆ. ಇಷ್ಟು ಚೆನ್ನಾಗಿ ನೋಡಿ ಬರೆದವಳು ಮುಂದಿನ ಸಾಲಿನಲ್ಲೇ 'ಬೆಣ್ಣೆ ದ್ರವೀಭೂತವಾಯಿತು' ಅಂದಿದ್ದೀಯಲ್ಲ, ಯಾಕಮ್ಮಾ? ನಿಮ್ಮಮ್ಮ ಹಾಗೆ ಅನ್ನುತ್ತಾರಾ?

ದ್ರವ ಕೆಟ್ಟ ಪದವೇನಲ್ಲ. ಸಂಸ್ಕೃತದ 'ದ್ರು' ಧಾತುವಿನಿಂದ ಬಂದದ್ದು, ಓಡು, ಹರಿ ಅಂತ ಅರ್ಥ. ಘನ, ದ್ರವ, ಅನಿಲ ಅಂತ ಪಾಠ ಮಾಡುವಾಗ ಅದು ಬೇಕೇ ಬೇಕು. ಒಲೆ ಮುಂದೆ ಮಾತ್ರ 'ಕರಗು' ಅನ್ನುವ ಪದವೇ ಸರಿ. ಇದು ಹಳೇ ದ್ರಾವಿಡ ಪದ. ತಮಿಳಿನಲ್ಲಿ ಕರೈ, ತೆಲುಗಿನಲ್ಲಿ ಕರಗು, ತುಳುವಿನಲ್ಲಿ ಕರಗುನಿ, ಎಲ್ಲಾ ಒಂದೇ ಬೇರು.

ನಿನ್ನ ಮರಾಠಿ ಗೆಳತಿಯರನ್ನು ಕೇಳಿ ನೋಡು. ಬೆಣ್ಣೆಗೆ ಅವರು ವಿತಳಣೆ ಅನ್ನುತ್ತಾರೆ, ನೀರಿಗೆ ಬಿದ್ದ ಉಪ್ಪಿಗೆ ವಿರಘಳಣೆ. ನಮಗೆ ಎರಡೂ ಕರಗುವುದೇ. ಬಿಸಿಗೋ ನೀರಿಗೋ ಅಂತ ಕನ್ನಡ ಕೇಳುವುದಿಲ್ಲ. ಗಟ್ಟಿಯಾಗಿದ್ದದ್ದು ಗಟ್ಟಿತನ ಬಿಟ್ಟಿತಾ, ಅಷ್ಟೇ. ಅದಕ್ಕೇ ಮೋಡ ಕರಗುತ್ತದೆ, ಅಜ್ಜ ಮಾಡಿಟ್ಟ ಆಸ್ತಿ ಕರಗುತ್ತದೆ, ಬೊಜ್ಜು ಕರಗುತ್ತದೆ, ಮನಸ್ಸು ಕರಗಿ ನೀರಾಗುತ್ತದೆ. ನಿನ್ನ ಕತೆಯ ಕೊನೆಯಲ್ಲಿ ಅಪ್ಪನ ಸಿಟ್ಟು ಇಳಿಯುತ್ತದಲ್ಲ, ಅಲ್ಲೂ ಇದೇ ಪದ ಬಂದಿದ್ದರೆ ಒಲೆ ಮೇಲಿನ ಬೆಣ್ಣೆ ಮತ್ತು ಆ ಅಪ್ಪ ಓದುವವರ ಮನಸ್ಸಿನಲ್ಲಿ ತಾವಾಗಿ ಹತ್ತಿರ ಬರುತ್ತಿದ್ದರು. ದ್ರವೀಭೂತ ಅಂದು ಆ ದಾರಿಯನ್ನು ನೀನೇ ಮುಚ್ಚಿದೆ.

ನನ್ನ ಮೊದಲ ಕತೆಯಲ್ಲಿ 'ಬೆಲ್ಲ ಕರಗಿತು' ಅಂತಿತ್ತು. ಸಂಪಾದಕರೊಬ್ಬರು ಅದನ್ನು ಹೊಡೆದು 'ದ್ರವರೂಪ ತಾಳಿತು' ಅಂತ ಅಚ್ಚು ಹಾಕಿಸಿದರು. ಕೇಳಿದ್ದಕ್ಕೆ, ಮುಂಬೈಯವರ ಕನ್ನಡ ಸ್ವಲ್ಪ ತಿದ್ದಬೇಕಾಗುತ್ತದೆ ಅಂದರು. ಆ ಸಿಟ್ಟು ಇನ್ನೂ ಹೋಗಿಲ್ಲ. ಇಲ್ಲಿ ಬೆಳೆದವರಿಗೆ ನಮ್ಮ ಕನ್ನಡ ಸಾಲದೇನೋ ಅನ್ನುವ ಅಳುಕು ಜಾಸ್ತಿ, ಅದಕ್ಕೇ ಸುಮ್ನೆ ದೊಡ್ಡ ಪದ ಹುಡುಕುತ್ತೇವೆ. ನಿನಗೆ ಅದು ಬೇಡ. ಅಮ್ಮನ ಬಾಯಲ್ಲಿ ಕೇಳಿ ಕಲಿತದ್ದು ಪೂರ್ತಿ ಕನ್ನಡವೇ.

ಮಾಟುಂಗಾ ಕಡೆ ಬಂದರೆ ಮನೆಗೆ ಬಾ. 1894ರಲ್ಲಿ ಮಂಗಳೂರಿನಲ್ಲಿ ಮೊದಲು ಅಚ್ಚಾದ ಕಿಟೆಲ್ ನಿಘಂಟು ನನ್ನ ಹತ್ತಿರ ಇದೆ, ಕೂತು ಓದು. ಅದಕ್ಕೂ ಮುಂಚೆ ಆ ಎರಡು ಸಾಲು ತಿದ್ದಿ ಕಳಿಸು. ಉಳಿದದ್ದು ಮುಟ್ಟಬೇಡ, ಚೆನ್ನಾಗಿದೆ.