ಎಳನೀರು ಬಿಟ್ಟವರು ನೋನಿ ರಸ ಕುಡಿಯುವ ಮುಂಚೆ

ಮಾನ್ಯ ಸಂಪಾದಕರೇ,

ನೋನಿ ಅನ್ನುವ ಹಣ್ಣಿನ ರಸದ ಜಾಹೀರಾತು ಕಣ್ಣಿಗೆ ಬೀಳದ ದಿನವೇ ಇಲ್ಲ. ಟೀವಿಯಲ್ಲಿ, ಪೇಪರ್‌ನಲ್ಲಿ, ಮೊಬೈಲ್‌ನಲ್ಲಿ, ಬಸ್‌ಸ್ಟ್ಯಾಂಡಿನ ಗೋಡೆ ಮೇಲೆ. ಮಂಡಿ ನೋವಿಗೂ ಅದೇ, ಶುಗರ್‌ಗೂ ಅದೇ, ಬಿಪಿಗೂ ಅದೇ. ಆ ಬಾಟಲಿಯ ಮೇಲೆ ಬರೆಯದೆ ಬಿಟ್ಟ ಒಂದೇ ಒಂದು ಸಂಗತಿಯಿಂದ ನಮ್ಮ ಮನೆಯಲ್ಲಿ ಏನಾಯಿತು ಅಂತ ನಿಮ್ಮ ಓದುಗರಿಗೆ ಹೇಳಬೇಕು ಅನಿಸಿ ಬರೆಯುತ್ತಿದ್ದೇನೆ.

ನಮ್ಮದು ಅರಸೀಕೆರೆ ಕಡೆ, ತೆಂಗಿನ ತೋಟದ ಮನೆ. ಅಪ್ಪನಿಗೆ ಈಗ 71 ವರ್ಷ. ನಾಲ್ಕು ವರ್ಷದ ಹಿಂದೆ ಕಿಡ್ನಿ ಸೋಲುತ್ತಿದೆ ಅಂತ ಗೊತ್ತಾಯಿತು. ಡಯಾಲಿಸಿಸ್‌ವರೆಗೆ ಹೋಗಿಲ್ಲ, ಆದರೆ ಸೋತ ಕಿಡ್ನಿ ಪೊಟ್ಯಾಸಿಯಂ ಅನ್ನುವ ಲವಣವನ್ನು ಸರಿಯಾಗಿ ಹೊರಗೆ ಹಾಕುವುದಿಲ್ಲ, ಅದು ಜಾಸ್ತಿ ಇರುವುದನ್ನೆಲ್ಲ ಬಿಡಿ ಅಂತ ಡಾಕ್ಟರು ಮೊದಲ ದಿನವೇ ಹೇಳಿದರು. ಬಾಳೆಹಣ್ಣು ಬೇಡ, ಕಿತ್ತಳೆ ರಸ ಬೇಡ, ಎಳನೀರಂತೂ ಬೇಡವೇ ಬೇಡ. ಹುಟ್ಟಿದಾಗಿನಿಂದ ತೆಂಗಿನ ಮರದ ಬುಡದಲ್ಲೇ ಬದುಕಿದ ಮನುಷ್ಯ ಒಂದು ಮಾತೂ ಆಡದೆ ಬಿಟ್ಟರು. ಕಾಯಿ ಕೀಳುವವರು ಬಂದ ದಿನ ಎಲ್ಲರಿಗೂ ತಾವೇ ಎಳನೀರು ಕೆತ್ತಿ ಕೊಟ್ಟು, ತಾವು ಒಳಗೆ ಹೋಗಿ ಹೂಜಿಯ ನೀರು ಕುಡಿದು ಬರುತ್ತಿದ್ದರು. ಅಮ್ಮ ತರಕಾರಿಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿ, ಆಮೇಲೆ ಒಗ್ಗರಣೆ ಹಾಕುವುದನ್ನು ಕಲಿತರು. ಬಸಿದ ನೀರಲ್ಲಿ ಒಂದಿಷ್ಟು ಪೊಟ್ಯಾಸಿಯಂ ಹೋಗುತ್ತದಂತೆ. ಇಷ್ಟು ಜೋಪಾನ.

ಹೋದ ವರ್ಷ ನೆಂಟರೊಬ್ಬರು ಬರುವಾಗ ಒಂದು ನೋನಿ ಬಾಟಲಿ ತಂದರು. ಪ್ರೀತಿಯಿಂದಲೇ ತಂದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಬಾಟಲಿಯ ಮೇಲೆ ದಿನಕ್ಕೆ ಎರಡು ಸಲ 30 ಮಿಲಿ ಅಂತ ಇತ್ತು. ಆಮೇಲಿನ ಬಾಟಲಿಗಳನ್ನು ಪೇಟೆಯಲ್ಲಿ ಕೊಂಡೆವು. ಅಂಗಡಿಯವರು 'ಹಣ್ಣಿನ ರಸ ಸಾರ್, ಜಾಸ್ತಿ ಕುಡಿದರೂ ಏನೂ ಆಗಲ್ಲ, ಸೈಡ್ ಎಫೆಕ್ಟ್ ಇಲ್ಲ' ಅಂದರು. ಮಂಡಿ ನೋವು ಬೇಗ ಹೋಗಲಿ ಅಂತ ಅಪ್ಪ ಬೆಳಿಗ್ಗೆ ಅರ್ಧ ಲೋಟ, ರಾತ್ರಿ ಅರ್ಧ ಲೋಟ ಶುರು ಮಾಡಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕಾಲಲ್ಲಿ ಶಕ್ತಿಯೇ ಇಲ್ಲ ಅನ್ನತೊಡಗಿದರು. ಜಗಲಿಯ ಮೆಟ್ಟಿಲು ಹತ್ತಲು ಕಂಬ ಹಿಡಿಯಬೇಕಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಸಿಯಂ 6.2. ಅದು 3.5ರಿಂದ 5ರ ಆಸುಪಾಸಿನಲ್ಲಿ ಇರಬೇಕು. ಮೇಲೆ ಹೋದರೆ ಎದೆಬಡಿತವೇ ತಪ್ಪಬಹುದು, ಮುನ್ಸೂಚನೆ ಕೊಡದೆಯೂ ತಪ್ಪಬಹುದು. ಎರಡು ದಿನ ಆಸ್ಪತ್ರೆಯಲ್ಲಿ ಎದೆಗೆ ಇಸಿಜಿ ತಂತಿ ಅಂಟಿಸಿಕೊಂಡು ಮಲಗಿದ್ದರು.

ಡಾಕ್ಟರು ಮೂರು ಸಲ ಕೇಳಿದರು, ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಅಂತ. ಮೂರು ಸಲವೂ ನಾವು ಇಲ್ಲ ಅಂದೆವು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಆ ಬಾಟಲಿ ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ಮಾತ್ರೆ ಅಲ್ಲ, ಕಷಾಯವೂ ಅಲ್ಲ, ಹಣ್ಣಿನ ರಸ ಅಲ್ವಾ! ಎರಡನೇ ದಿನ ಮಧ್ಯಾಹ್ನ ಅಮ್ಮನಿಗೆ ಹೊಳೆಯಿತು. ಕೇಳಿದ ಡಾಕ್ಟರು ಬೈಯಲಿಲ್ಲ. ನಿಧಾನಕ್ಕೆ ವಿವರಿಸಿದರು. ಅಪ್ಪ ಬಿಪಿಗೆ ತೆಗೆದುಕೊಳ್ಳುವ ಟೆಲ್ಮಿಸಾರ್ಟನ್ ಮಾತ್ರೆಯೂ ಪೊಟ್ಯಾಸಿಯಂ ಅನ್ನು ಮೈಯಲ್ಲಿ ಉಳಿಸುತ್ತದೆ, ಕಿಡ್ನಿಯೂ ದುರ್ಬಲ, ಹಾಗಾಗಿ ಎಲ್ಲ ತಪ್ಪನ್ನೂ ರಸದ ಮೇಲೆ ಹಾಕಲು ಬರುವುದಿಲ್ಲ, ಆದರೆ ಇವೆರಡರ ಮೇಲೆ ಅದೂ ಸೇರಿದಾಗ ತಡೆಯಲಿಲ್ಲ ಅಂದರು.

ಮನೆಗೆ ಬಂದ ಮೇಲೆ ನಾನು ಹುಡುಕಿ ಓದಿದೆ. ಇದು ಹೊಸದಲ್ಲ. 2000ದಲ್ಲೇ ಅಮೆರಿಕದ ಕಿಡ್ನಿ ವೈದ್ಯರ ಪತ್ರಿಕೆಯೊಂದರಲ್ಲಿ ಇಂಥದೇ ರೋಗಿಯ ಬಗ್ಗೆ ಬರೆದಿದ್ದಾರೆ. ಪಥ್ಯ ಸರಿಯಾಗಿ ಮಾಡುತ್ತಿದ್ದೇನೆ ಅನ್ನುತ್ತಿದ್ದರೂ ಅವರ ಪೊಟ್ಯಾಸಿಯಂ ಏರಿತ್ತು. ನೋಡಿದರೆ ನೋನಿ ರಸ. ವೈದ್ಯರು ಆ ರಸವನ್ನೇ ಪರೀಕ್ಷೆ ಮಾಡಿದರು. ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 2,200 ಮಿಲಿಗ್ರಾಂ ಪೊಟ್ಯಾಸಿಯಂ, ಅಂದರೆ ಕಿತ್ತಳೆ ರಸ, ಟೊಮೆಟೊ ರಸದಲ್ಲಿ ಇರುವಷ್ಟೇ. ಎಳನೀರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನನಗೆ ತಡೆಯಲಾಗದ ಸಂಕಟ ಆಗಿದ್ದು ಇದನ್ನು ಓದಿದಾಗ. ತಾನೇ ಬೆಳೆದ ಎಳನೀರನ್ನು ನಾಲ್ಕು ವರ್ಷ ಮುಟ್ಟದ ಅಪ್ಪ, ನೂರಾರು ರೂಪಾಯಿ ಕೊಟ್ಟು ಅಷ್ಟೇ ಪೊಟ್ಯಾಸಿಯಂ ಇರುವ ರಸವನ್ನು ಮೂಗು ಹಿಡಿದುಕೊಂಡು ಕುಡಿಯುತ್ತಿದ್ದರು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 30 ಮಿಲಿ ರಸದಲ್ಲಿ ಇರುವುದು 66 ಮಿಲಿಗ್ರಾಂ ಮಾತ್ರ. ಒಂದು ಬಾಳೆಹಣ್ಣಿನಲ್ಲಿ 400ರ ಹತ್ತಿರ ಇರುತ್ತದೆ. ಕಿಡ್ನಿ ಗಟ್ಟಿ ಇರುವವರಿಗೆ ಇದು ಲೆಕ್ಕಕ್ಕೇ ಇಲ್ಲ. ತೊಂದರೆ ಬರುವುದು ಕಿಡ್ನಿ ಸೋತವರು ಲೋಟಗಟ್ಟಲೆ ಕುಡಿದಾಗ, ಅದರಲ್ಲೂ ಪೊಟ್ಯಾಸಿಯಂ ಉಳಿಸುವ ಬಿಪಿ ಮಾತ್ರೆ, ಹೃದಯದ ಮಾತ್ರೆ ನುಂಗುತ್ತಿರುವಾಗ. ಶುಗರ್, ಬಿಪಿ ಇರುವವರಿಗೇ ಕಿಡ್ನಿ ಕೈಕೊಡುವುದು ಜಾಸ್ತಿ. ಜಾಹೀರಾತು ಕರೆಯುತ್ತಿರುವುದೂ ಅವರನ್ನೇ!

ಗಿಡದ ಬಗ್ಗೆ ನನಗೆ ಪ್ರೀತಿಯೇ ಇದೆ. ಪರಿಚಯದವರ ತೋಟದಲ್ಲಿ ನೋಡಿದ್ದೇನೆ. ದೊಡ್ಡ ಹೊಳೆಯುವ ಎಲೆ, ಸೀತಾಫಲದ ಹಾಗೆ ಕಣ್ಣು ಕಣ್ಣಾದ ಹಸಿರು ಕಾಯಿ, ಆ ಕಾಯಿಯ ಕಣ್ಣುಗಳಿಂದಲೇ ಬಿಳಿ ಹೂ ಇಣುಕುತ್ತಿರುತ್ತದೆ. ಹಣ್ಣಾದರೆ ಬಿಳಿಚಿಕೊಂಡು ಮೆತ್ತಗಾಗಿ ಹಳೇ ಬೆಣ್ಣೆಯ ಹಾಗೆ ಕಮಟು ವಾಸನೆ ಹೊಡೆಯುತ್ತದೆ. ಜಾಡಿಗೆ ಹಣ್ಣು ತುಂಬಿ ಮುಚ್ಚಿಟ್ಟರೆ ವಾರಗಟ್ಟಲೆ ತಾನಾಗಿಯೇ ಕಪ್ಪು ರಸ ಬಿಟ್ಟುಕೊಳ್ಳುತ್ತದೆ. ಬೇರಿನ ತೊಗಟೆಯಿಂದ ನಮ್ಮ ದೇಶದಲ್ಲಿ ಹಿಂದೆ ಹತ್ತಿ ಬಟ್ಟೆಗೆ ಕೆಂಪು ಬಣ್ಣ ಹಾಕುತ್ತಿದ್ದರು. ಪೆಸಿಫಿಕ್ ದ್ವೀಪಗಳ ಜನ ತಲೆಮಾರುಗಳಿಂದ ಎಲೆಯನ್ನು ಬಿಸಿ ಮಾಡಿ ಊತಕ್ಕೆ, ನೋವಿಗೆ ಕಟ್ಟುತ್ತಾ ಬಂದಿದ್ದಾರೆ. ನಮ್ಮ ರೈತರೂ ಬೆಳೆದು ನಾಲ್ಕು ಕಾಸು ನೋಡುತ್ತಿದ್ದಾರೆ, ನೋಡಲಿ. ಆದರೆ ಮನುಷ್ಯರ ಮೇಲೆ ನಡೆದ ಅಧ್ಯಯನಗಳು ಇಲ್ಲಿಯವರೆಗೆ ಚಿಕ್ಕ ಚಿಕ್ಕವು. ಶುಗರ್ ವಾಸಿ ಮಾಡುತ್ತದೆ, ಕ್ಯಾನ್ಸರ್ ವಾಸಿ ಮಾಡುತ್ತದೆ ಅನ್ನಲು ಅವು ಸಾಲುವುದಿಲ್ಲ.

ಲಿವರ್ ವಿಷಯದಲ್ಲಿ ಎರಡೂ ಕಡೆ ಮಾತಿದೆ. 2005ರಲ್ಲಿ ಆಸ್ಟ್ರಿಯಾದ ವೈದ್ಯರು ನೋನಿ ಕುಡಿದ ಕೆಲವರ ಲಿವರ್‌ಗೆ ಏಟು ಬಿದ್ದಿದ್ದನ್ನು ಬರೆದರು. ಮರುವರ್ಷ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎಲ್ಲವನ್ನೂ ನೋಡಿ, ಇದಕ್ಕೆ ರಸವೇ ಕಾರಣ ಅನ್ನುವಷ್ಟು ಆಧಾರ ಇಲ್ಲ ಅಂತ ಹೇಳಿತು. ಹಾಗಿದ್ದರೂ ಲಿವರ್ ತೊಂದರೆ ಇರುವವರು, ಬಸುರಿಯರು, ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಎಲ್ಲಕ್ಕಿಂತ ಭಯ ಆಗುವುದು ನೋನಿ ಶುರು ಮಾಡಿ ಶುಗರ್ ಮಾತ್ರೆ ನಿಲ್ಲಿಸುವವರನ್ನು ಕಂಡರೆ. ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ.

ಸಂಪಾದಕರೇ, ನಿಮ್ಮ ಹತ್ತಿರವೂ ಒಂದು ಬೇಡಿಕೆ ಇದೆ. ಶುಗರ್, ಬಿಪಿ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡಬಾರದು ಅಂತ 1954ರಿಂದಲೇ ಕಾನೂನಿದೆ. ಅದು ಹಾಕಿಸುವವರ ಜೊತೆ ಅಚ್ಚು ಹಾಕುವವರಿಗೂ ಅನ್ವಯಿಸುತ್ತದೆ. ದಯವಿಟ್ಟು ಜಾಹೀರಾತು ತೆಗೆದುಕೊಳ್ಳುವಾಗ ಅದರ ಒಂದೊಂದು ಸಾಲನ್ನೂ ಓದಿ. ನಿಮ್ಮ ಆರೋಗ್ಯ ಪುಟದಲ್ಲಿ ಒಬ್ಬ ಕಿಡ್ನಿ ವೈದ್ಯರಿಂದ ಇದರ ಬಗ್ಗೆ ಬರೆಸಿ. ರಸ ತಯಾರಿಸುವವರು 100 ಮಿಲಿಗೆ ಎಷ್ಟು ಪೊಟ್ಯಾಸಿಯಂ, ಎಷ್ಟು ಸಕ್ಕರೆ ಅಂತ ಕನ್ನಡದಲ್ಲಿ, ಕನ್ನಡಕ ಇಲ್ಲದವರಿಗೂ ಕಾಣುವ ಅಕ್ಷರದಲ್ಲಿ ಹಾಕಲಿ. 'ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿ ಕುಡಿಯಿರಿ' ಅನ್ನುವ ಒಂದು ಸಾಲು ಹಾಕಿದರೆ ಯಾರ ವ್ಯಾಪಾರವೂ ಮುಳುಗುವುದಿಲ್ಲ. ಆ ಒಂದು ಸಾಲು ಇದ್ದಿದ್ದರೆ ಅಪ್ಪ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. ಅವರು ಅಷ್ಟು ಕಟ್ಟುನಿಟ್ಟು.

ಮುಂದಿನ ಸೋಮವಾರ ಅಪ್ಪನಿಗೆ ಮತ್ತೆ ರಕ್ತ ಪರೀಕ್ಷೆ ಇದೆ. ಅಮ್ಮ ಆಗಲೇ ಒಂದು ಬಟ್ಟೆ ಚೀಲದಲ್ಲಿ ಮಾತ್ರೆ ಡಬ್ಬ, ಮಂಡಿಗೆ ಹಚ್ಚುವ ಎಣ್ಣೆ, ಅಜೀರ್ಣಕ್ಕೆ ತಿನ್ನುವ ಚೂರ್ಣದ ಪೊಟ್ಟಣ, ಎಲ್ಲವನ್ನೂ ಹಾಕಿಟ್ಟಿದ್ದಾರೆ. ಡಾಕ್ಟರ ಮೇಜಿನ ಮೇಲೆ ಸುರಿಯುತ್ತಾರಂತೆ.

ಇತಿ,
ನಿಮ್ಮ ಓದುಗ,
ಅರಸೀಕೆರೆ