ಹಟ ಹಿಡಿಯುವ ತೇಜುವಿನ ಬಗ್ಗೆ ಸೌಮ್ಯಳಿಗೆ

ಮಂಡ್ಯ

ಚಿ. ಸೌ. ಸೌಮ್ಯಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿ ನೋವು ಈಗ ಎಷ್ಟೋ ವಾಸಿ. ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಿದ್ದು ಮನಸ್ಸಿನಿಂದ ಹೋಗುತ್ತಿಲ್ಲ ಕಣಮ್ಮ. ನಿನ್ನ ಮಗ ತೇಜುವಿನ ಮೇಲೆ ಯುಕೆಜಿ ಮಿಸ್ಸು ಡೈರಿಯಲ್ಲಿ ದೂರು ಬರೆದು ಕಳಿಸಿದ್ದಾರೆ. ನಿಮ್ಮ ಅತ್ತೆಯವರು ‘ನಾಲ್ಕು ಬಿಟ್ಟರೆ ಸರಿಹೋಗುತ್ತಾನೆ’ ಎನ್ನುತ್ತಾರೆ. ಅಳಿಯಂದಿರು ‘ಇವನಿಗೆ ಏನೋ ತೊಂದರೆ ಇದೆ’ ಎನ್ನುತ್ತಾರೆ. ಎಲ್ಲವೂ ಒಟ್ಟಿಗೆ ನಿನ್ನ ತಲೆ ಮೇಲೆ ಬಂದಿದೆ. ಫೋನಿನಲ್ಲಿ ಸಮಾಧಾನ ಹೇಳಬಹುದು, ಆದರೆ ಇಂಥ ವಿಷಯ ಬಿಡಿಸಿ ಹೇಳಲು ಆಗುವುದಿಲ್ಲ. ಪಿಯು ಕಾಲೇಜಿನಲ್ಲಿ ಇಷ್ಟು ವರ್ಷ ಮನಃಶಾಸ್ತ್ರ ಪಾಠ ಮಾಡಿದ್ದು ಮನೆ ಮಗಳ ಕಷ್ಟಕ್ಕೆ ಆಗಬೇಡವಾ? ಅದಕ್ಕೇ ಬರೆಯುತ್ತಿದ್ದೇನೆ. ಬಿಡುವು ಮಾಡಿಕೊಂಡು ಓದು. ಆಮೇಲೆ ಅಳಿಯಂದಿರಿಗೂ ಕೊಡು.

ತೇಜು ರಚ್ಚೆ ಹಿಡಿಯುವುದನ್ನು ಕಲಿತಿದ್ದಾನೆ. ನಾನು ನೋಡಿದ ಮಟ್ಟಿಗೆ ಅವನ ಹಟದಲ್ಲಿ ಬಹುಪಾಲು ಅಷ್ಟೇ. ಯಾರೂ ಬೇಕೆಂದು ಕಲಿಸಲಿಲ್ಲ, ಅವನೂ ಬೇಕೆಂದು ಕಲಿಯಲಿಲ್ಲ. ಆದರೆ ಕಲಿತದ್ದು ಆದ್ದರಿಂದ ಅದರ ಜಾಗದಲ್ಲಿ ಬೇರೆಯದನ್ನು ಕಲಿಸಲು ಆಗುತ್ತದೆ.

ಹೋದ ತಿಂಗಳು ಮದುವೆ ಛತ್ರದಲ್ಲಿ ಆದದ್ದು ನೆನಪಿದೆಯಾ? ಊಟದ ಪಂಕ್ತಿಗೆ ಕಾಯುತ್ತಾ ಕೂತಿದ್ದೆವು. ಅವನು ಮೊಬೈಲ್ ಕೇಳಿದ. ನೀನು ‘ಚಾರ್ಜ್ ಇಲ್ಲ ಮರಿ’ ಎಂದೆ. ಮತ್ತೆ ಕೇಳಿದ, ‘ಊಟ ಆದ ಮೇಲೆ’ ಎಂದೆ. ಆಗ ಒಂದು ಕಾಲಿನ ಶೂ ಕಿತ್ತೆಸೆದು ನೆಲದ ಮೇಲೆ ಮಲಗಿ ಕಿರುಚಲು ಶುರು ಮಾಡಿದ. ಮುಂದಿನ ಸಾಲಿನ ಹೆಂಗಸರು ತಿರುಗಿ ನೋಡಿದರು. ನಿನ್ನ ಮುಖ ಕೆಂಪಾಯಿತು. ಬ್ಯಾಗಿನಿಂದ ಮೊಬೈಲ್ ತೆಗೆದು ಕೊಟ್ಟೆ. ಅಳು ಅರ್ಧ ಉಸಿರಿಗೇ ನಿಂತಿತು. ಕಣ್ಣೀರು ಇನ್ನೂ ಕೆನ್ನೆ ಮೇಲಿತ್ತು, ಹೆಬ್ಬೆರಳು ಆಗಲೇ ಸ್ಕ್ರೀನ್ ಮೇಲೆ ಓಡುತ್ತಿತ್ತು.

ಅಲ್ಲಿ ಇಬ್ಬರಿಗೆ ಪಾಠ ಆಯಿತು. ಮೆಲ್ಲಗೆ ಕೇಳಿದರೆ ಸಿಗುವುದಿಲ್ಲ, ನೆಲಕ್ಕೆ ಬಿದ್ದರೆ ಸಿಗುತ್ತದೆ ಎಂದು ಅವನು ಕಲಿತ. ಮೊಬೈಲ್ ಕೊಟ್ಟರೆ ಈ ಹಿಂಸೆ ತಕ್ಷಣ ನಿಲ್ಲುತ್ತದೆ ಎಂದು ನೀನು ಕಲಿತೆ. ಅವನಿಗೆ ಬಹುಮಾನ ಮೊಬೈಲು, ನಿನಗೆ ಬಹುಮಾನ ನಿಶ್ಶಬ್ದ. ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಃಶಾಸ್ತ್ರಜ್ಞರು ಮನೆಗಳಿಗೇ ಹೋಗಿ ತಂದೆತಾಯಿ, ಮಕ್ಕಳ ನಡುವೆ ಏನು ನಡೆಯುತ್ತದೆ ಎಂದು ಗಮನಿಸಿದವರು. ಮಗುವೂ ದೊಡ್ಡವರೂ ಹೀಗೆ ಒಬ್ಬರನ್ನೊಬ್ಬರು ಪಳಗಿಸುತ್ತಾ ಹೋಗುತ್ತಾರೆ, ಜಗಳ ದಿನದಿನಕ್ಕೂ ಮೇಲೇರುತ್ತದೆ ಎಂದು ಅವರು ತೋರಿಸಿದರು. ಇದರಲ್ಲಿ ಯಾರ ಕೆಟ್ಟತನವೂ ಇರಬೇಕಾಗಿಲ್ಲ.

ಇದರ ಬೇರು ಇನ್ನೂ ಹಳೆಯದು. 1898ರಲ್ಲಿ ಥಾರ್ನ್‌ಡೈಕ್ ಎಂಬವರು ಹಸಿದ ಬೆಕ್ಕನ್ನು ಪೆಟ್ಟಿಗೆಯಲ್ಲಿ ಕೂಡಿ ಹೊರಗೆ ತಿಂಡಿ ಇಟ್ಟರು. ಬೆಕ್ಕು ಪರಚಿತು, ಕಚ್ಚಿತು, ಏನೇನೋ ಮಾಡಿತು. ಆಕಸ್ಮಿಕವಾಗಿ ಒಂದು ದಾರ ಎಳೆಯಿತು, ಬಾಗಿಲು ತೆರೆಯಿತು. ಮತ್ತೆ ಮತ್ತೆ ಕೂಡಿದಾಗ ಬೇಡದ ಪರಚಾಟ ಕಡಿಮೆಯಾಗುತ್ತಾ ಬಂತು, ದಾರ ಎಳೆಯುವುದು ಬೇಗ ಬೇಗ ಬಂತು. ಫಲ ಕೊಟ್ಟ ಕೆಲಸ ಉಳಿಯುತ್ತದೆ, ಫಲ ಕೊಡದ್ದು ಉದುರಿ ಹೋಗುತ್ತದೆ. ಆಮೇಲೆ ಬಿ. ಎಫ್. ಸ್ಕಿನ್ನರ್ ಎಂಬ ಮನಃಶಾಸ್ತ್ರಜ್ಞರು ಇಲಿ, ಪಾರಿವಾಳಗಳ ಮೇಲೆ ಇದನ್ನೇ ಇನ್ನೂ ಸೂಕ್ಷ್ಮವಾಗಿ ನೋಡಿದರು. ಅವರು ಕಂಡುಕೊಂಡ ಒಂದು ಸಂಗತಿ ನಿನಗೆ ತುಂಬ ಮುಖ್ಯ. ಪ್ರತಿ ಸಲವೂ ಫಲ ಸಿಗುವ ಅಭ್ಯಾಸಕ್ಕಿಂತ ಯಾವಾಗಲೋ ಒಮ್ಮೆ ಸಿಗುವ ಅಭ್ಯಾಸ ಬಿಡಿಸುವುದು ಕಷ್ಟ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಲ್ಲಿಸುವ ತನಕ ಮಂಡ್ಯದಲ್ಲಿ ಎಷ್ಟು ಸಂಸಾರ ಹಾಳಾಯಿತು ಅಂತ ನಿಮ್ಮಪ್ಪನನ್ನು ಕೇಳು. ದಿನಾ ಸೋತವನೂ ‘ಇವತ್ತು ಹೊಡೆಯಬಹುದು’ ಅಂತ ಮತ್ತೆ ಟಿಕೆಟ್ ಕೊಳ್ಳುತ್ತಿದ್ದ. ನೀನು ನಾಲ್ಕು ದಿನ ಗಟ್ಟಿಯಾಗಿದ್ದು ಐದನೇ ದಿನ ಸುಸ್ತಾಗಿ ಮೊಬೈಲ್ ಕೊಟ್ಟರೆ ತೇಜುವಿಗೂ ಅದೇ ಆಸೆ ಹುಟ್ಟುತ್ತದೆ.

ಆದ್ದರಿಂದ ಕೊಡುವ ಮನಸ್ಸಿದ್ದರೆ ಮೊದಲ ಸಲ ಕೇಳಿದಾಗಲೇ ಕೊಟ್ಟುಬಿಡು. ಇಲ್ಲ ಎಂದ ಮೇಲೆ ಕೊಡಬೇಡ. ದಿನಕ್ಕೆ ಹತ್ತು ‘ಬೇಡ’ ಹೇಳುವವಳು ಎರಡೇ ಹೇಳು, ಆ ಎರಡಕ್ಕೂ ನಿಲ್ಲು. ‘ಚಾರ್ಜ್ ಇಲ್ಲ’ ಎಂಬಂಥ ಸುಳ್ಳು ಕಾರಣವೂ ಬೇಡ. ಮಗುವಿಗೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಕೊಡುವುದನ್ನು ನಿಲ್ಲಿಸಿದ ಮೊದಮೊದಲು ಅವನ ರಂಪ ಜಾಸ್ತಿಯಾಗಬಹುದು. ಇದುವರೆಗೆ ಇಷ್ಟು ಅತ್ತರೆ ಸಿಗುತ್ತಿತ್ತು, ಈಗ ಸಿಗಲಿಲ್ಲ, ಹಾಗಾದರೆ ಇನ್ನೂ ಜೋರಾಗಿ ಅಳೋಣ ಎಂಬ ಹಾಗೆ. ಎಷ್ಟೋ ಮನೆಗಳಲ್ಲಿ ಇಲ್ಲೇ ಸೋಲುವುದು. ಆ ಹೊತ್ತಿಗೆ ಸೋತರೆ ಇನ್ನೂ ದೊಡ್ಡ ಕಿರುಚಾಟಕ್ಕೆ ನಾವೇ ಬೆಲೆ ಕಟ್ಟಿದ ಹಾಗೆ. ಅವನು ತಲೆ ಚಚ್ಚಿಕೊಂಡರೆ, ರಸ್ತೆಗೆ ಓಡಿದರೆ ಹಿಡಿದುಕೋ, ಸುರಕ್ಷಿತವಾದ ಕಡೆ ಕರೆದುಕೊಂಡು ಹೋಗು. ಬೈಯಬೇಡ, ಭಾಷಣವೂ ಬೇಡ. ಪಕ್ಕದಲ್ಲಿರು, ಆದರೆ ಕೇಳಿದ್ದನ್ನು ಕೊಡಬೇಡ. ಅಳು ನಿಂತ ಮೇಲೆ ನೀರು ಕುಡಿಸು, ತಬ್ಬಿಕೋ, ಮುಂದಿನ ಕೆಲಸಕ್ಕೆ ಹೋಗು. ಸಿಟ್ಟು ಉಳಿಸಿಕೊಳ್ಳಬೇಡ.

ಇದು ಅರ್ಧ ಕೆಲಸ ಮಾತ್ರ. ಬರೀ ‘ಇಲ್ಲ’ ಎನ್ನುವುದರಿಂದ ಏನು ಮಾಡಬಾರದು ಎಂದು ತಿಳಿಯುತ್ತದೆ, ಏನು ಮಾಡಬೇಕು ಎಂದು ತಿಳಿಯುವುದಿಲ್ಲ. ಅವನು ಗಲಾಟೆ ಮಾಡಿದಾಗ ಮನೆಯವರೆಲ್ಲ ಓಡಿ ಬರುತ್ತೀರಿ. ಸುಮ್ನೆ ಕೂತು ಬಣ್ಣ ಹಚ್ಚುತ್ತಿದ್ದರೆ ‘ಸದ್ಯ, ಸುಮ್ಮನಿದ್ದಾನೆ’ ಎಂದು ಅಡುಗೆಮನೆಗೆ ಹೋಗುತ್ತೀರಿ. ಅವನ ಲೆಕ್ಕದಲ್ಲಿ ಯಾವುದಕ್ಕೆ ಬೆಲೆ ಸಿಕ್ಕಿತು ಹೇಳು? ಬೈಗುಳ ಕೂಡ ಒಂದು ರೀತಿಯ ಗಮನವೇ. ಒಳ್ಳೆಯದು ಕಂಡ ತಕ್ಷಣ, ಆ ಗಳಿಗೆಯಲ್ಲೇ, ಹೆಸರಿಟ್ಟು ಹೇಳು. ‘ಜಾಣ’ ಎಂದರೆ ಸಾಲದು. ‘ನಾನು ಫೋನಲ್ಲಿ ಮಾತಾಡುವಾಗ ಕಾಯ್ತಾ ಕೂತಿದ್ದೆ, ನಂಗೆ ತುಂಬ ಖುಷಿಯಾಯ್ತು’ ಎನ್ನು. ಬೇಕಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ನಕ್ಷತ್ರ ಬರೆ. ಐದು ನಕ್ಷತ್ರಕ್ಕೆ ಕಾರಂಜಿ ಕೆರೆಗೆ ಕರೆದುಕೊಂಡು ಹೋಗು. ಆದರೆ ತಪ್ಪು ಮಾಡಿದ ಎಂದು ಕೊಟ್ಟ ನಕ್ಷತ್ರ ಅಳಿಸಬೇಡ. ಅವನು ಗಳಿಸಿದ್ದು ಅದು.

ಇನ್ನು ಹೊಡೆಯುವ ವಿಷಯ. ಇದರಲ್ಲಿ ನಾನು ರಾಜಿಯಾಗುವವನಲ್ಲ. ಏಟು ತಿಂದ ಮಗು ಆ ಕ್ಷಣಕ್ಕೆ ಸುಮ್ಮನಾಗುತ್ತದೆ, ಅದಕ್ಕೇ ಹೊಡೆದವರಿಗೆ ಅದು ಮದ್ದು ಎನಿಸುತ್ತದೆ. 1961ರಲ್ಲಿ ಆಲ್ಬರ್ಟ್ ಬಂಡೂರ ಎಂಬವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ ಮಕ್ಕಳಿಗೆ ಒಂದು ದೃಶ್ಯ ತೋರಿಸಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಗೆ ಗುದ್ದುತ್ತಾ, ಸುತ್ತಿಗೆಯಿಂದ ಹೊಡೆಯುತ್ತಾ ಬೈದರು. ಅದನ್ನು ನೋಡಿದ ಮಕ್ಕಳಲ್ಲಿ ಹಲವರು ಆಮೇಲೆ ಹಾಗೇ ಗುದ್ದಿದರು, ಅದೇ ಮಾತು ಆಡಿದರು. ಅವರಿಗೆ ಯಾರೂ ಬಹುಮಾನ ಕೊಟ್ಟಿರಲಿಲ್ಲ. ನೋಡಿದ್ದೇ ಸಾಕಾಯಿತು. ನಮ್ಮ ಮನೆ ಜಗುಲಿಯಲ್ಲಿ ತೇಜು ಎದುರುಮನೆಯ ಚಿಕ್ಕ ಹುಡುಗಿಗೆ ಬೆರಳು ತೋರಿಸಿ ‘ನಾಲ್ಕು ಬಿಡ್ತೀನಿ ನೋಡು’ ಎಂದ. ಐದು ವರ್ಷದ ಬಾಯಿಗೆ ಆ ಮಾತು ಎಲ್ಲಿಂದ ಬಂತು ಎಂದು ನಾನು ಹೇಳಬೇಕಾಗಿಲ್ಲ, ಅಲ್ವಾ?

ಬೆಳಗ್ಗೆ ವ್ಯಾನಿನ ಹಾರ್ನ್ ಕೇಳಿದರೆ ಹೊಟ್ಟೆನೋವು ಎನ್ನುತ್ತಾನೆ ಎಂದೆಯಲ್ಲ, ಅದು ಬೇರೆ ಕಥೆ. ಅದನ್ನು ಹಟದ ಜೊತೆ ಸೇರಿಸಬೇಡ. ಹೋದ ವರ್ಷ ಹಳೇ ಶಾಲೆಯಲ್ಲಿ ಅವನನ್ನು ಸ್ಟೋರ್ ರೂಮಿನಲ್ಲಿ ಕೂಡಿ ಹಾಕಿದ್ದರಲ್ಲ, ಆ ಭಯ ಇನ್ನೂ ಹೋಗಿಲ್ಲ ಎಂದು ನನಗೆ ಅನಿಸುತ್ತದೆ. ರಷ್ಯಾದ ಪಾವ್ಲೋವ್ ಎಂಬ ವಿಜ್ಞಾನಿಯ ನಾಯಿಗಳ ವಿಷಯ ನಿನಗೂ ಗೊತ್ತಿರಬೇಕು. ಊಟಕ್ಕೆ ಮುಂಚೆ ಪ್ರತಿ ಸಲ ಒಂದು ಶಬ್ದ ಕೇಳಿಸಿದರೆ ಕೊನೆಗೆ ಶಬ್ದಕ್ಕೇ ಜೊಲ್ಲು ಸುರಿಯುತ್ತದೆ. ಭಯವೂ ಹೀಗೇ ಅಂಟುತ್ತದೆ. 1920ರಲ್ಲಿ ಅಮೆರಿಕದಲ್ಲಿ ವಾಟ್ಸನ್ ಮತ್ತು ರೇನರ್ ಎಂಬಿಬ್ಬರು ಆಲ್ಬರ್ಟ್ ಎಂಬ ಹಸುಗೂಸಿಗೆ ಬಿಳಿ ಇಲಿ ತೋರಿಸುತ್ತಾ ಹಿಂದಿನಿಂದ ಕಬ್ಬಿಣದ ಸರಳನ್ನು ಬಡಿದು ಬೆಚ್ಚಿಬೀಳಿಸಿದರು. ಆಮೇಲೆ ಆ ಮಗು ಇಲಿ ಕಂಡರೆ ಅತ್ತಿತು. ಮೊಲ, ನಾಯಿ, ತುಪ್ಪಳದ ಕೋಟು ಕಂಡರೂ ಹೆದರಿತು. ಆ ಭಯವನ್ನು ಬಿಡಿಸದೆಯೇ ಮಗುವನ್ನು ಕಳಿಸಿಬಿಟ್ಟರು. ಈ ಪಾಠ ಮಾಡುವಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಸ್ಟೋರ್ ರೂಮಿನ ಭಯ ವ್ಯಾನಿಗೆ, ಹಾರ್ನಿಗೆ, ಯೂನಿಫಾರ್ಮಿಗೆ ಹರಡುವುದೂ ಹೀಗೇ.

ಬಿಡಿಸುವ ದಾರಿಯೂ ಇದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಹೆಣ್ಣುಮಗಳು ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಭಯ ಕಳೆದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟರು. ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಹೆದರದ ಮಕ್ಕಳನ್ನೂ ಜೊತೆಗೆ ಬಿಟ್ಟರು. ಕೊನೆಗೆ ಅವನೇ ಮೊಲವನ್ನು ಮುಟ್ಟಿ ಆಡಿದ. (ಅದೇ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗ ಶುರು ಮಾಡಿದರು. ನಮ್ಮ ಸೀಮೆಗೆ ಈ ವಿದ್ಯೆ ಹೊಸದಲ್ಲ ಎಂದು ನೆನಪಾಗಿ ಬರೆದೆ.)

ಪೀಟರನಿಗೆ ಮಾಡಿದ ಹಾಗೇ ನೀನೂ ಮಾಡು. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ ಹೊಟ್ಟೆಯಲ್ಲಿ ನಿಜವಾಗಿ ಏನೂ ಇಲ್ಲ ಎಂದು ಖಾತ್ರಿ ಮಾಡಿಕೋ. ಆಮೇಲೆ ಸಂಜೆ ಶಾಲೆ ಬಿಟ್ಟ ಹೊತ್ತಿನಲ್ಲಿ ಅವನನ್ನು ಗೇಟಿನವರೆಗೆ ನಡೆಸಿಕೊಂಡು ಹೋಗು, ಚಕ್ಕುಲಿ ತಿನ್ನುತ್ತಾ ಮಾತಾಡಿಕೊಂಡು ಬನ್ನಿ. ಅದು ಸಲೀಸಾದ ಮೇಲೆ ಒಳಗಿನ ಮೈದಾನ. ಆಮೇಲೆ ಗೆಳೆಯನೊಬ್ಬನ ಜೊತೆ ಕ್ಲಾಸಿನ ಬಾಗಿಲು. ಮಿಸ್ಸಿಗೆ ಹಳೇ ಶಾಲೆಯ ವಿಷಯ ಹೇಳು, ದಿನಾ ಬೆಳಗ್ಗೆ ಅವರೇ ಹೆಸರು ಹಿಡಿದು ಕರೆಯಲಿ. ಹೊಟ್ಟೆನೋವು ಎಂದ ದಿನ ಮನೆಯಲ್ಲಿ ಉಳಿಸಿ ಟಿ.ವಿ. ಹಾಕಿ ಕೂರಿಸಬೇಡ. ಹಾಗೆ ಮಾಡಿದರೆ ಭಯದ ಮೇಲೆ ಇನ್ನೊಂದು ಪಾಠ ಸೇರಿಕೊಳ್ಳುತ್ತದೆ.

ಹಾಸಿಗೆ ಒದ್ದೆ ಮಾಡುವುದಕ್ಕೆ ಬೈಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಐದು ತುಂಬುವವರೆಗೆ ಅದನ್ನು ಯಾವ ಡಾಕ್ಟರೂ ತೊಂದರೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವನಿಗೆ ಈಗಷ್ಟೇ ಐದು ತುಂಬಿದೆ. ಮುಂದೆಯೂ ಹೋಗದಿದ್ದರೆ ಒದ್ದೆಯಾದ ಕೂಡಲೇ ಗಂಟೆ ಬಾರಿಸಿ ಎಬ್ಬಿಸುವ ಸಾಧನ ಇದೆ. ಮೌರರ್ ದಂಪತಿ 1938ರಲ್ಲೇ ಬರೆದ ಉಪಾಯ ಅದು, ಇಂದಿಗೂ ಬಳಕೆಯಲ್ಲಿದೆ. ನಿದ್ದೆಯಲ್ಲಿ ಆಗುವುದಕ್ಕೆ ನಾಚಿಕೆಪಡಿಸಿದರೆ ಮಗು ಕುಗ್ಗುತ್ತದೆ, ಹಾಸಿಗೆ ಒಣಗುವುದಿಲ್ಲ.

ಈಗ ಅಳಿಯಂದಿರ ಮಾತಿಗೆ ಬರುತ್ತೇನೆ. ಅವರ ಆತಂಕವನ್ನು ತಳ್ಳಿಹಾಕಬೇಡ. ಎಲ್ಲವೂ ಕಲಿತದ್ದೇ ಎಂದು ನಾನು ಹೇಳಿದರೆ ತಪ್ಪಾಗುತ್ತದೆ. ಕೆಲವು ಮಕ್ಕಳಿಗೆ ಒಂದು ಕಡೆ ಕೂರುವುದು, ಗಮನ ಇಡುವುದು, ಸರದಿ ಕಾಯುವುದು ಹುಟ್ಟಿನಿಂದಲೇ ಕಷ್ಟ. ಎಡಿಎಚ್‌ಡಿ ಎನ್ನುತ್ತಾರಲ್ಲ, ಅದರಲ್ಲಿ ವಂಶದಿಂದ ಬರುವ ಪಾಲು ದೊಡ್ಡದು. ತಾಯಿ ಮುದ್ದು ಮಾಡಿದ್ದಕ್ಕೆ ಬರುವುದಲ್ಲ ಅದು. ಹಾಗೆಂದು ಮದುವೆ ಮನೆಯಲ್ಲಿ ಓಡಾಡಿದ ಮಗುವಿಗೆಲ್ಲ ಆ ಹೆಸರು ಅಂಟಿಸುವಂತಿಲ್ಲ. ಲಕ್ಷಣಗಳು ಹನ್ನೆರಡು ವರ್ಷದೊಳಗೆ ಶುರುವಾಗಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು, ಕಲಿಕೆಗೋ ಒಡನಾಟಕ್ಕೋ ಅಡ್ಡಿಯಾಗುತ್ತಿರಬೇಕು. ದೊಡ್ಡವರಿಗೆ ಎದುರು ನಿಲ್ಲುವುದೇ ಚಾಳಿಯಾಗಿ ತಿಂಗಳುಗಟ್ಟಲೆ ಉಳಿಯುವ ತೊಂದರೆಗೂ ಬೇರೆ ಹೆಸರಿದೆ. ಕದಿಯುವುದು, ಪ್ರಾಣಿಗಳಿಗೆ ಹಿಂಸೆ ಕೊಡುವುದು, ಮನೆ ಬಿಟ್ಟು ಓಡುವುದು ವರ್ಷಪೂರ್ತಿ ನಡೆದರೆ ಅದು ಇನ್ನೂ ಗಂಭೀರ. ತೇಜುವಿನಲ್ಲಿ ಅದರ ಸುಳಿವು ನನಗೆ ಕಂಡಿಲ್ಲ. ಆದರೆ ನಾನು ಪಾಠ ಮಾಡಿದವನು, ಚಿಕಿತ್ಸೆ ಮಾಡುವವನಲ್ಲ.

ಅದಕ್ಕೇ ಒಮ್ಮೆ ತೋರಿಸು. ನೀನಿರುವುದು ಮೈಸೂರಿನ ಕುವೆಂಪುನಗರ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಆಟೋದಲ್ಲಿ ಹೋಗಬಹುದು. 1965ರಿಂದ ಇರುವ ಸಂಸ್ಥೆ, ದೂರದ ಊರುಗಳಿಂದ ಜನ ಹುಡುಕಿಕೊಂಡು ಬರುತ್ತಾರೆ. ಕಿವಿ, ಮಾತು ಎರಡನ್ನೂ ಪರೀಕ್ಷೆ ಮಾಡಿಸು. ಸರಿಯಾಗಿ ಕೇಳಿಸದ ಮಗುವನ್ನು ‘ಹೇಳಿದ ಮಾತು ಕೇಳಲ್ಲ’ ಎಂದು ಬೈಯುವ ಮನೆಗಳು ಎಷ್ಟೋ ಇವೆ. ಮನಸ್ಸು, ನಡವಳಿಕೆ ನೋಡುವ ಚಿಕಿತ್ಸಾ ಮನಃಶಾಸ್ತ್ರದವರೂ ಅಲ್ಲೇ ಇದ್ದಾರೆ. ಎಡಿಎಚ್‌ಡಿ ಎಂದೇ ಆದರೂ ಆರು ತುಂಬದ ಮಕ್ಕಳಿಗೆ ಮೊದಲು ಹೇಳುವುದು ಮಾತ್ರೆ ಅಲ್ಲ. ತಂದೆತಾಯಿಗೆ ತರಬೇತಿ. ನಾನು ಮೇಲೆ ಬರೆದದ್ದನ್ನೇ ಅವರು ಇನ್ನೂ ಚೆನ್ನಾಗಿ, ನಿನ್ನ ಮಗುವಿಗೆ ಹೊಂದುವ ಹಾಗೆ ಕಲಿಸುತ್ತಾರೆ. ಮುಂದೆ ಮಾತ್ರೆ ಬೇಕೆಂದು ಡಾಕ್ಟರು ಹೇಳಿದರೆ ಅದಕ್ಕೂ ಹೆದರಬೇಡ. ರಾತ್ರಿ ಹೊತ್ತು ತುಂಬ ಕಂಗೆಟ್ಟರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ತಾಯಂದಿರೂ ಮಾಡಬಹುದು.

ಹೋಗುವ ಮುಂಚೆ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡು. ಯಾವಾಗ ರಚ್ಚೆ ಹಿಡಿದ, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಅವನಿಗೆ ಏನು ಸಿಕ್ಕಿತು. ಈ ಮೂರೇ ಸಾಕು. ಹಸಿವಿನ ಹೊತ್ತಿಗೋ ನಿದ್ದೆಗೆಟ್ಟ ದಿನವೋ ಜಾಸ್ತಿ ಆಗುತ್ತಿದೆ ಎಂದು ನಿನಗೇ ಗೊತ್ತಾಗಬಹುದು.

ನೀನೊಬ್ಬಳೇ ಗಟ್ಟಿಯಾಗಿದ್ದು ಅಜ್ಜಿ ಸೆರಗಿನ ಮರೆಯಲ್ಲಿ ಮೊಬೈಲ್ ಕೊಟ್ಟರೆ ಏನೂ ಪ್ರಯೋಜನವಿಲ್ಲ. ಅವರ ಜೊತೆ ನೀನು ಜಗಳಕ್ಕೆ ಇಳಿಯಬೇಡ. ಮೊಮ್ಮಗನ ಮೇಲೆ ಅವರಿಗೆ ಪ್ರಾಣ, ಅದು ನನಗೆ ಗೊತ್ತು. ಭಾನುವಾರ ಬೆಳಗಿನ ರೈಲಿಗೆ ನಾನೇ ಬರುತ್ತೇನೆ, ಅವರ ಹತ್ತಿರ ಕೂತು ಮಾತಾಡುತ್ತೇನೆ. ಅಳಿಯಂದಿರಿಗೂ ಮನೆಯಲ್ಲಿರಲು ಹೇಳು. ಅಷ್ಟರೊಳಗೆ ವಾಕ್ ಶ್ರವಣ ಸಂಸ್ಥೆಯಲ್ಲಿ ಹೊಸಬರ ಹೆಸರು ಬರೆಸುವ ಸಮಯ ವಿಚಾರಿಸಿಡು. ನಿನ್ನ ದೊಡ್ಡಮ್ಮ ಕೋಡುಬಳೆ ಮಾಡಿ ಕಳಿಸುತ್ತಾಳಂತೆ.

ಇಂತಿ,
ನಿನ್ನ ದೊಡ್ಡಪ್ಪ